ಅಕ್ಕ ತಿಂದ ನನ್ನ ಪಾಲು

ಹೊಟ್ಟೆಯ ಆಮ್ಲದ ಬಗ್ಗೆ ನಾನು ಬರೆದ ಉತ್ತರಕ್ಕೆ ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು. ಎಂ.ಎಸ್ಸಿ. ಮೊದಲ ವರ್ಷದ ಕಿರುಪರೀಕ್ಷೆ ಅದು. ಕರುಳಿಗೆ ಬರುವ ರೋಗಾಣುಗಳನ್ನು ದೇಹ ಹೇಗೆ ತಡೆಯುತ್ತದೆ ಎಂಬುದು ಪ್ರಶ್ನೆ. ಮೊದಲ ಕಾವಲು ಜಠರದ ಆಮ್ಲ, ಊಟದ ಜೊತೆ ಇಳಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಅಲ್ಲಿಯೇ ಸುಟ್ಟುಹೋಗುತ್ತವೆ ಎಂದು ಬರೆದಿದ್ದೆ. ಆಮ್ಲ ಕಡಿಮೆ ಇರುವವರಿಗೆ ತೀರಾ ಸ್ವಲ್ಪ ರೋಗಾಣು ಹೊಟ್ಟೆಗೆ ಹೋದರೂ ಕಾಯಿಲೆ ಬರಬಹುದು ಎಂದು ಬರೆದು ಅದರ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದೆ. ಮೇಷ್ಟ್ರು ಆ ಗೆರೆಯ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಕಾಗದವನ್ನು ಮನೆಗೆ ತಂದು ಅಕ್ಕನಿಗೆ ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಕೆಂಪು ಗುರುತುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿ, ಇಷ್ಟೊಂದು ಸರಿ ಬರೆದಿದ್ದೀಯಾ ಎಂದು ನಕ್ಕಳು.

ಅದನ್ನು ಬರೆದ ಇದೇ ಕೈಯಿಂದ ನಾನು ಆರು ವರ್ಷ, ತಿಂಗಳು ತಪ್ಪದೆ, ಅವಳ ಹೊಟ್ಟೆಯ ಆಮ್ಲ ಇಳಿಸುವ ಮಾತ್ರೆ ತಂದುಕೊಟ್ಟೆ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮವ್ವ ತೀರಿಕೊಂಡಾಗ ನನಗೆ ನಾಲ್ಕು. ಅಕ್ಕ ಆದಿವಾಲದ ಆಚೆಗಿನ ಒಂದು ಊರಿಗೆ ಮದುವೆಯಾಗಿ ಹೋಗುವಾಗ ನನ್ನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೋದಳು. ಮದುಮಗಳ ಸೊಂಟದಲ್ಲಿ ಕೂಸು ಎಂದು ಗಂಡಿನ ಕಡೆಯವರು ನಕ್ಕರಂತೆ. ನಗುವವರು ಈಗಲೇ ನಕ್ಕು ಮುಗಿಸಲಿ ಎಂದು ಭಾವ ಹೇಳಿದರಂತೆ. ಅವರಿಗೆ ಮಕ್ಕಳಾಗಲಿಲ್ಲ. ನಾನೇ ಮಗಳಾದೆ. ಸಿರಿಗೆರೆಯ ಹಾಸ್ಟೆಲಿಗೆ ನನ್ನನ್ನು ಸೇರಿಸಿದ ದಿನ ಅಕ್ಕ ಬಸ್ಸಿನ ಕಿಟಕಿಯಲ್ಲಿ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದಳು. ಆಮೇಲೆ ತಿಂಗಳಿಗೊಮ್ಮೆ ಅದೇ ಬಸ್ಸಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬರುತ್ತಿದ್ದಳು. ಅವಳ ಬೆರಳುಗಳಲ್ಲಿ ಯಾವಾಗಲೂ ಈರುಳ್ಳಿಯ ವಾಸನೆ. ನಮ್ಮ ಕಡೆ ಹೆಂಗಸರಿಗೆ ಈರುಳ್ಳಿ ಕೊಯ್ಲಿನಲ್ಲಿ ಬಾಲ ಕೊಯ್ಯುವ ಕೆಲಸ. ಕಾಲಡಿ ಕುಡುಗೋಲು ಒತ್ತಿಕೊಂಡು, ಬೆಳಗಿಂದ ಸಂಜೆಯವರೆಗೆ ಕೂತಲ್ಲೇ ಕೂತು, ಗಡ್ಡೆಯಿಂದ ಸೊಪ್ಪು ಬೇರೆ ಮಾಡುವುದು. ನನ್ನ ಪುಸ್ತಕ, ನನ್ನ ಫೀಸು, ನನ್ನ ಚಪ್ಪಲಿ ಎಲ್ಲ ಆ ಕುಡುಗೋಲಿನಿಂದಲೇ ಬಂದವು.

ಎರಡೂ ಮನೆತನಗಳಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ, ಇವತ್ತಿಗೂ ಹೆಮ್ಮೆಯಿದೆ. ಚಿತ್ರದುರ್ಗದ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ಬಾಟಲಿಗಳು ಬರುತ್ತವೆ. ಆ ನೀರನ್ನು ತಟ್ಟೆಗಳಲ್ಲಿ ಬೆಳೆಸಿ, ಮಾರನೆಯ ದಿನ ಮೂಡಿದ ಚುಕ್ಕೆಗಳನ್ನು ಎಣಿಸಿ, ಇದು ಕುಡಿಯಲು ಯೋಗ್ಯ, ಇದು ಅಲ್ಲ ಎಂದು ಸಹಿ ಹಾಕುತ್ತೇನೆ. ಬಿಳಿ ಕೋಟು ಹಾಕಿದ ನನ್ನ ಫೋಟೋವನ್ನು ಅಕ್ಕ ಗೋಡೆಯ ಮೇಲೆ ದೇವರ ಪಟದ ಸಾಲಿನಲ್ಲೇ ತೂಗುಹಾಕಿದ್ದಳು.

ಬೆಳಿಗ್ಗೆ ಕಡಕ್ ಚಹಾ ಕುಡಿದು ಕೆಲಸಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮುದ್ದೆ, ಖಾರದ ಚಟ್ನಿ. ಹೀಗೆ ವರ್ಷಗಟ್ಟಲೆ ನಡೆದು ಅಕ್ಕನಿಗೆ ಎದೆಯುರಿ ಶುರುವಾಯಿತು. ಹಿರಿಯೂರಿನ ಡಾಕ್ಟರು ನೋಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಲು ಒಂದು ಮಾತ್ರೆ ಬರೆದರು. ಚೀಟಿಯಲ್ಲಿ ಒಂದು ತಿಂಗಳು ಎಂದೇ ಇತ್ತು. ತಿಂಗಳಾದ ಮೇಲೆ ಮತ್ತೆ ಬನ್ನಿ ಎಂದೂ ಹೇಳಿದ್ದರು. ತಿಂಗಳು ಮುಗಿಯಿತು, ಉರಿ ಹೋಯಿತು, ಅಕ್ಕ ಖುಷಿಯಾದಳು.

"ಲೇ, ಆ ಮಾತ್ರೆ ನುಂಗಿದ್ರೆ ಮೆಣಸಿನಕಾಯಿ ಹಂಗೇ ಕಡ್ಕಂಡ್ರೂ ಏನೂ ಆಗಲ್ಲ ಕಣೆ. ಇನ್ನೊಂದ್ ಡಬ್ಬಿ ತಗಂಬಾ" ಎಂದಳು.

ತಂದುಕೊಟ್ಟೆ. ಮತ್ತೆ ತಂದುಕೊಟ್ಟೆ. ಚಿತ್ರದುರ್ಗದಲ್ಲಿ ನನ್ನ ಗುರುತಿನ ಅಂಗಡಿಯಲ್ಲಿ ಚೀಟಿ ಕೇಳುತ್ತಿರಲಿಲ್ಲ. ನಮ್ಮ ಕಡೆ ಇದು ಮಾತ್ರೆಯೆಂದು ಲೆಕ್ಕಕ್ಕೇ ಬರುವುದಿಲ್ಲ. ಗ್ಯಾಸ್ ಮಾತ್ರೆ ಅಂದರೆ ಚಹಾ ಇದ್ದ ಹಾಗೆ. ಈರುಳ್ಳಿ ರಾಶಿಯ ಮುಂದೆ ಕೂತ ಹೆಂಗಸರು ಎಲೆ ಅಡಿಕೆಯಂತೆ ಅದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಾನು ತಿಂಗಳ ಕೊನೆಯ ಶನಿವಾರ ಊರಿಗೆ ಹೋಗುವಾಗ ಚೀಲದಲ್ಲಿ ಮೈಸೂರುಪಾಕು ಮರೆತದ್ದುಂಟು, ಮಾತ್ರೆ ಮರೆತದ್ದಿಲ್ಲ. ನನ್ನ ತಂಗಿ ತಂದದ್ದು, ಅವಳು ಇದನ್ನೇ ಓದಿದವಳು ಎಂದು ಅಕ್ಕ ಬೀದಿಗೆಲ್ಲ ಹೇಳುತ್ತಿದ್ದಳು. ನನ್ನ ಓದನ್ನು ಅವಳಿಗೆ ಏನಾದರೂ ಒಂದು ರೂಪದಲ್ಲಿ ಕೊಡಬೇಕು ಎಂಬ ಆಸೆ ನನಗಿತ್ತು. ಆ ಮಾತ್ರೆಯ ಹಾಳೆಗಳ ರೂಪದಲ್ಲಿ ಕೊಟ್ಟೆ. ಇಷ್ಟು ವರ್ಷ ಯಾಕೆ, ನಿಲ್ಲಿಸಿ ನೋಡೋಣ, ಆ ಡಾಕ್ಟರನ್ನೇ ಮತ್ತೆ ಕೇಳೋಣ ಎಂದು ಒಂದು ದಿನವೂ ಅನ್ನಿಸಲಿಲ್ಲ. ಓದಿದ್ದು ಕಾಗದದ ಮೇಲಿತ್ತು. ಅಕ್ಕನ ಹೊಟ್ಟೆಗೂ ಅದು ಅನ್ವಯಿಸುತ್ತದೆಯೇ ಎಂದು ಯಾರೂ ಪ್ರಶ್ನೆ ಕೇಳಿರಲಿಲ್ಲ.

ಆಷಾಢದಲ್ಲಿ ನಮ್ಮೂರಲ್ಲಿ ಹೋಳಿಗಮ್ಮನ ಹಬ್ಬ. ಹಿಂದೆ ವಾಂತಿಭೇದಿ ಬಂದು ಮನೆ ಮನೆಯೇ ಖಾಲಿಯಾಗುತ್ತಿದ್ದ ಕಾಲದಲ್ಲಿ ಹುಟ್ಟಿದ ಹಬ್ಬವಂತೆ. ಪ್ರತಿ ಮನೆಯ ಹೆಂಗಸೂ ಮೊರದಲ್ಲಿ ಹೋಳಿಗೆ, ಬೇವಿನ ಸೊಪ್ಪು, ಹಸಿರು ಬಳೆ, ಒಂದು ಪಾತ್ರೆ ಮೊಸರನ್ನ ಇಟ್ಟುಕೊಂಡು ಊರ ಗಡಿಕಲ್ಲಿನವರೆಗೆ ನಡೆಯುತ್ತಾಳೆ. ರೋಗದ ಅಮ್ಮನಿಗೆ ಉಣ್ಣಿಸಿ, ಆಚೆ ದಾಟಿಸಿ ಬರುವುದು. ನಮ್ಮ ಬೀದಿಯ ಕ್ರಮ ಹೀಗೆ: ಎಲ್ಲ ಮನೆಯ ಮೊಸರನ್ನವನ್ನೂ ಗಡಿಯಲ್ಲಿ ಒಂದು ದೊಡ್ಡ ಕೊಳಗಕ್ಕೆ ಸುರಿದು ಕಲೆಸುತ್ತಾರೆ. ಅರ್ಧ ಅಮ್ಮನಿಗೆ. ಉಳಿದರ್ಧವನ್ನು ಬೀದಿಯ ಹಿರಿಯಜ್ಜಿ ಒಬ್ಬೊಬ್ಬರಿಗೆ ಒಂದೊಂದು ಹಿಡಿಯಂತೆ ಅಂಗೈಗೆ ಹಾಕುತ್ತಾಳೆ. ಅದನ್ನು ಅಲ್ಲೇ ತಿನ್ನಬೇಕು. ಚೆಲ್ಲುವಂತಿಲ್ಲ, ಊರೊಳಗೆ ಒಂದು ಅಗುಳೂ ವಾಪಸ್ ಬರುವಂತಿಲ್ಲ. ಬಂದರೆ ದಾಟಿಸಿದ ಅಮ್ಮನೇ ಅದರ ಹಿಂದೆ ಬಂದಂತೆ.

ಹೋದ ವರ್ಷದ ಹಬ್ಬಕ್ಕೆ ನಾನು ರಜೆ ಹಾಕಿ ಹೋಗಿದ್ದೆ. ಅಮ್ಮನಿಗೆ ಹುಳಿ ಆಗದು ಎಂದು ನಮ್ಮವರು ಆ ಅನ್ನಕ್ಕೆ ಹಾಲೇ ಹೆಚ್ಚು ಹಾಕುತ್ತಾರೆ, ಮೊಸರು ಹೆಸರಿಗೆ. ನಸುಕಿನಲ್ಲಿ ಕಲೆಸಿದ್ದು. ಪೂಜೆ, ಮೆರವಣಿಗೆ, ಉರುಮೆಯ ಬಡಿತ ಎಲ್ಲ ಮುಗಿದು ಹಂಚುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ಮೂವತ್ತು ಮನೆಯ ಪಾತ್ರೆ, ಮೂವತ್ತು ಮನೆಯ ಕೈ. ಅಜ್ಜಿ ಮೊಣಕೈವರೆಗೆ ತೋಳು ಇಳಿಸಿ ಕಲೆಸುತ್ತಿದ್ದಳು. ಕೊಳಗದ ಅಂಚಿನಲ್ಲಿ ನೊಣ ಕೂತಿದ್ದವು. ನನಗೆ ನನ್ನ ಲ್ಯಾಬಿನ ತಟ್ಟೆಗಳೇ ಕಣ್ಣ ಮುಂದೆ ಬಂದವು. ಬ್ಯಾಕ್ಟೀರಿಯಾ ಬೆಳೆಸಲು ನಾವೂ ಹೀಗೆಯೇ ಬೆಚ್ಚಗೆ, ಪೌಷ್ಟಿಕವಾಗಿ, ಹುಳಿಯಿಲ್ಲದಂತೆ ಮಾಡಿಡುತ್ತೇವೆ.

ನನ್ನ ಸರದಿ ಬಂತು. ಅಂಗೈಗೆ ಬಿದ್ದ ಅನ್ನ ಬೆಚ್ಚಗಿತ್ತು. ತಿನ್ನಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಕ್ಕನ ಕಿವಿಯಲ್ಲಿ, ನನಗೆ ಆಗುವುದಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಅವಳು ತನ್ನ ಪಾಲು ಆಗಲೇ ತಿಂದು ಮುಗಿಸಿದ್ದಳು. ನನ್ನ ಕಡೆ ಒಮ್ಮೆ ದುರುಗುಟ್ಟಿ, ಯಾರೂ ನೋಡದಂತೆ ಸೆರಗಿನ ಕೆಳಗೆ ಕೈ ಚಾಚಿದಳು.

"ಇಲ್ಲಾಕು. ದೊಡ್ಡ ಸೈಂಟಿಸ್ಟ್ ಬಂದ್ಲು."

ಹಾಕಿದೆ. ಅವಳು ಆ ಕಡೆ ತಿರುಗಿ ಎರಡು ತುತ್ತಿಗೆ ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಏನೂ ಆಗದವಳಂತೆ ಅಮ್ಮನಿಗೆ ಕೈ ಮುಗಿದಳು. ನಾನು ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡೆ. ಸಾಯಂಕಾಲದ ಬಸ್ಸಿಗೆ ಚಿತ್ರದುರ್ಗಕ್ಕೆ ಹೊರಟೆ. ಹೊರಡುವ ಮುಂಚೆ ಆ ತಿಂಗಳ ಮಾತ್ರೆಯನ್ನು ಗೋಡೆಯ ಗೂಡಿನಲ್ಲಿಟ್ಟೆ.

ಮಾರನೆಯ ದಿನ ಬೀದಿಗೆ ಬೀದಿಯೇ ಮಲಗಿತು. ಹೊಟ್ಟೆನೋವು, ಭೇದಿ, ಸ್ವಲ್ಪ ಜ್ವರ. ಎರಡು ದಿನಕ್ಕೆ ಎಲ್ಲರೂ ಎದ್ದರು. ಎಂಬತ್ತು ದಾಟಿದ ಹಿರಿಯಜ್ಜಿಯೂ ಗಂಜಿ ಕುಡಿದು ಎದ್ದು ಕೂತಳು. ಅಕ್ಕ ಏಳಲಿಲ್ಲ. ಫೋನಿನಲ್ಲಿ ಉಪ್ಪು ಸಕ್ಕರೆ ನೀರು ಕುಡಿಯುತ್ತಿರು ಎಂದು ನಾನು ಹೇಳಿದೆ. ಎಲ್ಲರಿಗೂ ಐತೆ, ನನಗೇನ್ ಬೇರೆ ಬಂದೈತಾ ಎಂದು ಅವಳು ಹೇಳಿದಳು. ಮೂರನೆಯ ದಿನ ಮೈ ಕಾದು ಮಾತು ತೊದಲಲು ಶುರುವಾದಾಗ ಭಾವ ಹಿರಿಯೂರಿಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಕರೆತಂದರು.

ವಾರ್ಡಿನಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಇದ್ದಳು. ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದು ಕೇಳಿದಳು. ಗ್ಯಾಸ್ ಮಾತ್ರೆ ಒಂದೇ ಎಂದೆ. ಎಷ್ಟು ದಿನದಿಂದ ಎಂದಳು. ಆರು ವರ್ಷ ಎಂದೆ. ಅವಳು ತಲೆ ಎತ್ತದೆ ಬರೆದುಕೊಂಡಳು. ಬರೆಯುವ ಪೆನ್ನು ಅರೆಕ್ಷಣ ನಿಂತಿತು, ಅಷ್ಟೇ. ಆ ಅರೆಕ್ಷಣದಲ್ಲಿ ನನಗೆ ನನ್ನ ಉತ್ತರ ಪತ್ರಿಕೆ ನೆನಪಾಯಿತು. ಸ್ಕೇಲು ಇಟ್ಟು ಎಳೆದ ಗೆರೆ ನೆನಪಾಯಿತು.

ರಕ್ತದಲ್ಲಿ ಬೆಳೆದದ್ದು ಸಾಲ್ಮೊನೆಲ್ಲಾ. ಅದರ ನಡತೆ ನನಗೆ ಬಾಯಿಪಾಠ. ಆಮ್ಲದ ಬಾಗಿಲು ದಾಟಿದರೆ ಮುಂದೆ ಕರುಳಿನ ಲೋಳೆಯ ಗೋಡೆ. ಅಲ್ಲಿ ನಮ್ಮವೇ ಆದ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾಗಳು ಜಾಗ ಹಿಡಿದು ಕೂತಿರುತ್ತವೆ, ಹೊಸಬರಿಗೆ ನೆಲೆ ಕೊಡುವುದಿಲ್ಲ. ಆಗ ಇದು ಒಂದು ಉಪಾಯ ಮಾಡುತ್ತದೆ. ಬೇಕೆಂದೇ ಕರುಳನ್ನು ಕೆಣಕುತ್ತದೆ. ದೇಹ ಸಿಟ್ಟಿಗೆದ್ದು ಉರಿಯೂತ ಎಬ್ಬಿಸುತ್ತದೆ. ಆ ಉರಿಯಲ್ಲಿ ಒಳ್ಳೆಯವು ಸಾಯುತ್ತವೆ, ಇದು ಮಾತ್ರ ಆ ಉರಿಯಿಂದ ಹುಟ್ಟಿದ ರಾಸಾಯನಿಕವನ್ನೇ ಉಸಿರಾಡಿ ಬೆಳೆಯುತ್ತದೆ. ಹಿಡಿದು ನುಂಗಲು ಬಂದ ಬಿಳಿ ರಕ್ತಕಣದ ಒಳಗೇ ಸಂಸಾರ ಹೂಡಿ, ಅದನ್ನೇ ಬಂಡಿ ಮಾಡಿಕೊಂಡು ಮೈಯೆಲ್ಲ ಸುತ್ತುತ್ತದೆ. ಓದುವಾಗ ಇದರ ಜಾಣತನಕ್ಕೆ ನಾನು ಬೆರಗಾಗಿದ್ದೆ. ಗೆಳತಿಯರಿಗೆ ಕತೆಯ ಹಾಗೆ ಹೇಳಿದ್ದೆ. ಅಕ್ಕನ ಕಾದ ಅಂಗೈಯನ್ನು ಹಿಡಿದು ಕೂತಾಗ ಆ ಬೆರಗನ್ನು ನೆನೆದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎಲ್ಲರಿಗೂ ಒಂದು ಹಿಡಿ, ಅಕ್ಕನಿಗೆ ಎರಡು. ಎಲ್ಲರ ಬಾಗಿಲಲ್ಲೂ ಕಾವಲಿತ್ತು, ಅವಳದರಲ್ಲಿ ಇರಲಿಲ್ಲ. ಇದೇ ಕಾರಣ ಎಂದು ಖಂಡಿತವಾಗಿ ಯಾರೂ ಹೇಳಲಾರರು. ಅವಳ ಮೈ ಬೇರೆ ಕಾರಣಕ್ಕೂ ಸೋತಿರಬಹುದು ಎಂದು ಡಾಕ್ಟರಮ್ಮ ನನ್ನ ಮುಖ ನೋಡಿ ಹೇಳಿದಳು. ಅದು ಅವಳ ಒಳ್ಳೆಯತನ.

ಆರನೆಯ ದಿನ ಬೆಳಿಗ್ಗೆ, ಕಿಟಕಿಯಲ್ಲಿ ಜೋಗಿಮಟ್ಟಿಯ ಕಡೆಯ ಮೋಡ ಕಾಣುತ್ತಿದ್ದ ಹೊತ್ತಿನಲ್ಲಿ, ಅಕ್ಕ ಹೋದಳು. ಹಿಂದಿನ ದಿನ ಒಮ್ಮೆ ಎಚ್ಚರವಾಗಿ ನನ್ನನ್ನೇ ನೋಡಿದ್ದಳು.

"ನೀನ್ ತಿನ್ನದೇ ಇದ್ದಿದ್ದು ಚಲೋ ಆತು ನೋಡು" ಎಂದಿದ್ದಳು.

ಅವಳು ಅದನ್ನು ಸಮಾಧಾನದಿಂದಲೇ ಹೇಳಿದ್ದು. ನನಗೆ ಅದು ಇವತ್ತಿಗೂ ಸಮಾಧಾನ ಕೊಟ್ಟಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕೂತಾಗಲೇ ಹೆಂಗಸರ ಗುಸುಗುಸು ಕಿವಿಗೆ ಬಿತ್ತು. ಎಲ್ಲರೂ ತಿಂದದ್ದು ಅದೇ ಅನ್ನ, ಸತ್ತವಳು ಇವಳೊಬ್ಬಳೇ ಯಾಕೆ? ಅವಳು ಸೆರಗಿನ ಕೆಳಗೆ ಕೈ ಇಟ್ಟುಕೊಂಡದ್ದನ್ನು ಯಾರೋ ನೋಡಿದ್ದರು. ತಂಗಿ ಗಡಿಯಲ್ಲಿ ತಿನ್ನದಿದ್ದದ್ದನ್ನೂ ನೋಡಿದ್ದರು. ಎರಡನ್ನೂ ಕೂಡಿಸಿದರು. ಓದಿದ ತಂಗಿ ಮನೆಯಲ್ಲಿ ಕೂತು ತಿನ್ನಲಿ ಎಂದು ಅಮ್ಮನ ಅನ್ನವನ್ನು ಸೆರಗಿಗೆ ಕಟ್ಟಿಕೊಂಡು ಊರೊಳಗೆ ತಂದಳು, ಅಮ್ಮ ಹಿಂದೆಯೇ ಬಂದಳು. ಬೀದಿಗೆಲ್ಲ ಭೇದಿ ಹತ್ತಿದ್ದೂ ಅವಳು ತಂದದ್ದರಿಂದಲೇ ಎಂದರು. ಮೂವತ್ತು ವರ್ಷ ಆ ಬೀದಿಯ ಬಾಣಂತನಗಳಿಗೆ, ಸಾವುಗಳಿಗೆ ಮೊದಲು ಓಡುತ್ತಿದ್ದ ಹೆಂಗಸು ಈಗ ಬೀದಿಗೆ ರೋಗ ತಂದವಳಾದಳು.

ನಿಜ ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೇಳಿದರೆ ನಾನು ತಿನ್ನಲಿಲ್ಲ ಎನ್ನಬೇಕು, ಯಾಕೆ ತಿನ್ನಲಿಲ್ಲ ಎನ್ನಬೇಕು, ಮಾತ್ರೆಯ ಕತೆ ಹೇಳಬೇಕು. ಭಾವ ಒಂದು ದಿನ ಹಟ್ಟಿಯ ಕಟ್ಟೆಯ ಮೇಲೆ ಕೂತು ನೇರವಾಗಿಯೇ ಕೇಳಿದರು.

"ಸೆರಗಿಗೆ ಕಟ್ಕಂಡಿದ್ಲೇನಮ್ಮ ಅವಳು? ನೀನ್ ಪಕ್ಕದಾಗೇ ಇದ್ಯಲ್ಲ."

ನಾನು ನೋಡಲಿಲ್ಲ ಎಂದೆ.

ಒಂದು ವರ್ಷ ಹಾಗೆಯೇ ಇಟ್ಟುಕೊಂಡೆ. ಲ್ಯಾಬಿನಲ್ಲಿ ಯಾವ ಊರಿನ ನೀರಿಗೂ ಸುಳ್ಳು ವರದಿ ಕೊಟ್ಟವಳಲ್ಲ ನಾನು. ಅಕ್ಕನ ವಿಷಯದಲ್ಲಿ ಕೊಟ್ಟೆ.

ಈ ವರ್ಷ ಆಷಾಢ ಬಂತು. ಹಬ್ಬಕ್ಕೆ ಎರಡು ದಿನ ಇರುವಾಗ ಭಾವ ಫೋನು ಮಾಡಿದರು. ನಮ್ಮ ಮನೆಯ ಮೊರ ಎಲ್ಲರ ಸಾಲಿನಲ್ಲಿ ಬರುವುದು ಬೇಡ, ಕೊನೆಗೆ ಬೇರೆಯಾಗಿ ಬರಲಿ, ಕೊಳಗಕ್ಕೂ ಸುರಿಯುವುದು ಬೇಡ ಎಂದು ಬೀದಿಯವರು ತೀರ್ಮಾನ ಮಾಡಿದ್ದಾರಂತೆ. ಹಾಗಿದ್ದರೆ ಮೊರವೇ ಬೇಡ ಬಿಡು ಎಂದರು. ನಾನೇ ಬಂದು ಹೊರುತ್ತೇನೆ ಎಂದೆ.

ಹಬ್ಬದ ಬೆಳಿಗ್ಗೆ ನಾನು ಹೂರಣ ರುಬ್ಬುತ್ತಿದ್ದೆ. ಭಾವ ಎದ್ದು ಮುಖ ತೊಳೆದು ಗೂಡಿಗೆ ಕೈ ಹಾಕಿ, ಹಾಳೆಯಿಂದ ಒಂದು ಮಾತ್ರೆ ಒತ್ತಿ ತೆಗೆದು ನುಂಗಿದರು. ನನ್ನ ಕೈ ಅಲ್ಲೇ ನಿಂತಿತು. ಅದು ಏನು ಎಂದು ಕೇಳಿದೆ.

"ಅವಳದ್ದೇ. ನೀನ್ ತಂದಿದ್ದವು ಉಳ್ದಿದ್ವು. ಸುಮ್ನೆ ಯಾಕ್ ಹಾಳು ಮಾಡೋದು ಅಂತ ತಗಂಡೆ, ಹೊಟ್ಟೆ ಹಗುರಾತು. ಅವು ಮುಗಿದ್ ಮೇಲೆ ಹಿರಿಯೂರಾಗ್ ತಗಂತಿದೀನಿ."

ಅಲ್ಲಿಗೆ ನನ್ನಿಂದ ತಡೆಯಲು ಆಗಲಿಲ್ಲ. ರುಬ್ಬುಗಲ್ಲಿನ ಮುಂದೆ ಕೂತಲ್ಲೇ ಎಲ್ಲ ಹೇಳಿದೆ. ಮಾತ್ರೆ ಏನು ಮಾಡುತ್ತದೆ, ನಾನು ಅದನ್ನು ಓದಿದ್ದೆ, ಓದಿಯೂ ತಂದೆ, ನನ್ನ ಪಾಲು ಅವಳ ಕೈಗೆ ಹಾಕಿದೆ, ಅವಳು ತಿಂದಳು, ಸೆರಗಿಗೆ ಏನೂ ಕಟ್ಟಿಕೊಳ್ಳಲಿಲ್ಲ. ಇನ್ನು ನುಂಗಬೇಡಿ, ನಾಳೆಯೇ ಡಾಕ್ಟರ ಹತ್ತಿರ ಹೋಗಿ ನಿಮಗೆ ಬೇಕೋ ಬೇಡವೋ ಕೇಳಿಕೊಂಡು ಬರೋಣ ಎಂದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂಗ್ ಹೇಳಿದ್ರೆ ಏನ್ ಬಂತು" ಎಂದರು. "ನಾನ್ ಏನ್ ಅವಳನ್ನ ಆಡ್ಕಂಡೋನಾ. ಅಲ್ಲಿ ಹೇಳು ಹೋಗು."

ಗೂಡಿನಲ್ಲಿದ್ದ ಮಾತ್ರೆಯ ಹಾಳೆಗಳನ್ನೆಲ್ಲ ತೆಗೆದು ಮೊರದಲ್ಲಿ ಬೇವಿನ ಸೊಪ್ಪಿನ ಕೆಳಗೆ ಇಟ್ಟರು. ಇದೂ ದಾಟಿ ಹೋಗಲಿ ಎಂದರು.

ಮೊರ ಹೊತ್ತು ಎಲ್ಲರ ಹಿಂದೆ ನಡೆದೆ. ಮುಂದಿನ ಸಾಲಿನ ಹೆಂಗಸರು ಆಗಾಗ ತಿರುಗಿ ನೋಡುತ್ತಿದ್ದರು. ಗಡಿಕಲ್ಲಿನ ಹತ್ತಿರ ಕೊಳಗ ಇಟ್ಟಿದ್ದರು. ನಾನು ಹಿಂದೆ ನಿಲ್ಲದೆ ನೇರವಾಗಿ ಹಿರಿಯಜ್ಜಿಯ ಮುಂದೆ ಹೋಗಿ ಮೊರ ಇಳಿಸಿದೆ. ಅಜ್ಜಿ ಬೇಡ ಎನ್ನುವಂತೆ ಕೈ ಎತ್ತಿದಳು. ಹೋದ ವರ್ಷ ಅಕ್ಕ ಏನನ್ನೂ ಒಳಗೆ ತರಲಿಲ್ಲ, ನನ್ನ ಪಾಲನ್ನು ಇಲ್ಲೇ ನಿಂತು ಅವಳೇ ತಿಂದಳು, ಕೊಟ್ಟವಳು ನಾನು ಎಂದೆ. ಉರುಮೆಯವರು ಬಡಿಯುವುದನ್ನು ನಿಲ್ಲಿಸಿದರು.

"ಹಂಗಾದ್ರೆ ನೀನ್ ತಿನ್ನಲಿಲ್ಲ" ಎಂದಳು ಅಜ್ಜಿ.

ಇಲ್ಲ ಎಂದೆ.

"ಯಾಕವ್ವ?"

ಆ ಅನ್ನ ಕೆಟ್ಟಿರಬಹುದು ಎಂದು ಅನುಮಾನ ಬಂದಿತ್ತು, ಹೆದರಿಕೊಂಡೆ ಎಂದೆ.

ಅಜ್ಜಿ ನನ್ನನ್ನೇ ನೋಡುತ್ತ ನಿಂತಳು. ಆ ಕಣ್ಣುಗಳಲ್ಲಿ ಸಿಟ್ಟು ಇರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು.

"ನಿಂಗ್ ಗೊತ್ತಿತ್ತು. ನಮಗ್ ಯಾಕ್ ಹೇಳ್ಲಿಲ್ಲ ಮತ್ತೆ?"

ಇಷ್ಟು ವರ್ಷದ ಓದಿನಲ್ಲಿ, ಇಷ್ಟು ಪರೀಕ್ಷೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ನನ್ನ ಓದು ನನ್ನ ಒಬ್ಬಳ ಹೊಟ್ಟೆಯನ್ನು ಕಾದಿತ್ತು. ಅಜ್ಜಿ, ನಾನು ಹೇಳಿದ್ದರೆ ನೀವು ಕೇಳುತ್ತಿದ್ದಿರಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೇಳುತ್ತಿದ್ದರೋ ಇಲ್ಲವೋ, ನಾನು ಹೇಳಿ ನೋಡಿದವಳಲ್ಲ.

ಆಮೇಲೆ ಅಜ್ಜಿ ಬಗ್ಗಿ ನಮ್ಮ ಮೊರವನ್ನು ತಾನೇ ಎತ್ತಿ ಸಾಲಿನ ಮೊದಲಿಗೆ, ಅಕ್ಕ ಯಾವಾಗಲೂ ಇಡುತ್ತಿದ್ದ ಜಾಗಕ್ಕೆ ಇಟ್ಟಳು. ಕೊಳಗದ ಕಡೆ ತಿರುಗಿ, ಈ ಸಲ ಇದನ್ನು ಏನು ಮಾಡಬೇಕು, ಈಗ ಹೇಳು ಎಂದಳು. ಪೂರ್ತಿ ಅಮ್ಮನಿಗೇ ಬಿಡೋಣ, ನಾವು ತಿನ್ನುವುದು ಬೇಡ, ಬೇಕಾದರೆ ಎಲ್ಲರೂ ಒಂದೊಂದು ಬೇವಿನ ಎಲೆ ತಿನ್ನೋಣ ಎಂದೆ. ಒಂದಿಬ್ಬರು ಗೊಣಗಿದರು. ಅಜ್ಜಿ ಮೊದಲ ಎಲೆ ಕಿತ್ತು ತನ್ನ ಬಾಯಿಗೆ ಹಾಕಿಕೊಂಡಳು. ಎರಡನೆಯದನ್ನು ನನ್ನ ಅಂಗೈಯಲ್ಲಿಟ್ಟಳು. ಅಗಿದು ನುಂಗಿದೆ. ನನ್ನ ಹಿಂದೆಯೇ ಬಂದು ನಿಂತಿದ್ದ ಭಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಮೊರಗಳನ್ನು ಬಿಟ್ಟು ಎಲ್ಲರೂ ಹೊರಟಾಗ ಸೊಪ್ಪಿನ ಕೆಳಗಿನ ಮಾತ್ರೆಗಳು ನೆನಪಾದವು. ಮಕ್ಕಳು ಬಂದು ಹೋಳಿಗೆ ಹುಡುಕುವ ಜಾಗ ಅದು, ಬಿಟ್ಟು ಹೋಗುವಂತಿಲ್ಲ. ಊರೊಳಗೆ ವಾಪಸ್ ಒಯ್ಯುವಂತೆಯೂ ಇಲ್ಲ. ಹಾಳೆಗಳನ್ನು ತೆಗೆದು ಹೆಗಲಿನಲ್ಲಿದ್ದ ಚೀಲಕ್ಕೆ ಹಾಕಿಕೊಂಡೆ. ಊಟ ಮಾಡಿ ಹೋಗಮ್ಮ ಎಂದು ಭಾವ ಕರೆದರು. ನಾಳೆ ಹಿರಿಯೂರಿನ ಆಸ್ಪತ್ರೆಯ ಹತ್ತಿರ ಸಿಗುತ್ತೇನೆ ಎಂದು ಹೇಳಿ, ಮನೆಗೆ ಹೋಗದೆ, ಗಡಿಯಿಂದಲೇ ರಸ್ತೆಗೆ ಇಳಿದೆ.

ಚಿತ್ರದುರ್ಗದ ಬಸ್ಸು ಬಂತು. ಕಿಟಕಿಯ ಪಕ್ಕ ಕೂತೆ. ತೊಡೆಯ ಮೇಲಿನ ಚೀಲದಲ್ಲಿ ಹಾಳೆಗಳು ಚರಚರ ಅನ್ನುತ್ತಿದ್ದವು. ಆರು ವರ್ಷ ಇದೇ ದಾರಿಯಲ್ಲಿ ಅವನ್ನು ಊರ ಕಡೆಗೆ ತಂದಿದ್ದೆ. ನಾಲಿಗೆಯ ಮೇಲೆ ಬೇವು ಇನ್ನೂ ಕಹಿಯಾಗಿತ್ತು. ನೀರಿನ ಬಾಟಲಿ ಕೈಯಲ್ಲೇ ಇತ್ತು, ಕುಡಿಯಲಿಲ್ಲ.